ಸೆಂಟಿನೆಲ್ಸ್ ಮಾರಬೇಡಿ, ಹೀರೋಗಳನ್ನು ಹೆಚ್ಚಿಸಿ
ತುಮಕೂರಿಂದ ಕೇಳಿದವರಿಗೆ: ಇಬ್ಬರೇ ಕೂತು, ತಲೆಗೊಂದು ಹೀರೋ ಹಿಡಿದು 'ಸೆಂಟಿನೆಲ್ಸ್ ಆಫ್ ದಿ ಮಲ್ಟಿವರ್ಸ್' (ಎಲ್ಲರೂ ಒಟ್ಟಾಗಿ ವಿಲನ್ ವಿರುದ್ಧ ಆಡೋ ಕಾರ್ಡ್ ಆಟ) ಆಡಿ ಸೋತಿರಿ, ಲೆಕ್ಕವೂ ತಲೆನೋವು, ಮಾರಿಬಿಡಲೇ ಅಂದಿರಿ. ಬೇಡ ಸರ್. ಆಟ ಹದವಾಗಿರೋದು 3ರಿಂದ 5 ಹೀರೋಗಳಿಗೆ. ತಲಾ ಎರಡೆರಡು ತಗೊಳ್ಳಿ, ಕಾರ್ಡಿನಲ್ಲಿ 'ಎಚ್' (ಅಂದರೆ ಹೀರೋಗಳ ಸಂಖ್ಯೆ) ಇದ್ದಲ್ಲೆಲ್ಲ 4 ಅಂತ ಓದಿ.

ವಿಲನ್ ಆಗಿ ಬ್ಯಾರನ್ ಬ್ಲೇಡ್ ಸಾಕು. ಆದರೆ ಅವನ ಟ್ರಾಶ್ (ಬಳಸಿ ಬಿಟ್ಟ ಕಾರ್ಡ್‌ಗಳ ರಾಶಿ) ಮೇಲೆ ಕಣ್ಣಿರಲಿ: ಅವನ ಸರದಿ ಶುರುವಾದಾಗ ಅಲ್ಲಿ 15 ಅಥವಾ ಹೆಚ್ಚು ಕಾರ್ಡ್ ಸೇರಿದ್ದರೆ ಚಂದ್ರ ಬಂದು ಅಪ್ಪಳಿಸುತ್ತಾನೆ, ಆಟ ಮುಗೀತು. ಹೀರೋಗಳಲ್ಲಿ ಲೆಗಸಿ ಇರಲೇಬೇಕು. ಅಬ್ಸೊಲ್ಯೂಟ್ ಜೀರೋ ಸದ್ಯಕ್ಕೆ ಡಬ್ಬದಲ್ಲೇ ಇರಲಿ, ತಲೆ ತಿನ್ನುತ್ತಾನೆ.

ಲೆಕ್ಕ ತಪ್ಪೋದು ಹೆಚ್ಚಾಗಿ ಲೆಗಸಿಯ 'ಗ್ಯಾಲ್ವನೈಸ್' ಶಕ್ತಿ ಮರೆತು. ಅದನ್ನು ಬಳಸಿದ ಕೂಡಲೇ ಪ್ರತಿ ಹೀರೋ ಮೇಲೂ ಒಂದು ಹುಣಸೆ ಬೀಜ ಇಡಿ: ಅವರು ಕೊಡೋ ಪ್ರತಿ ಏಟಿಗೆ 1 ಜಾಸ್ತಿ. ಲೆಗಸಿಯ ಮುಂದಿನ ಸರದಿ ಬಂದಾಗ ಎತ್ತಿಬಿಡಿ.