ಸೂಜಿ ಹಾಕುವ ಡಾಕ್ಟರಿಗೆ ಮಾಸಿನ ವಿಚಾರ ಯಾಕೆ?

ಪ್ರಶ್ನೆ: ನನಗೀಗ ಎಂಟು ತಿಂಗಳು. ಇದು ಎರಡನೇ ಸಿಸೇರಿಯನ್. ಅರಿವಳಿಕೆ ಡಾಕ್ಟರನ್ನು ನೋಡಿ ಬನ್ನಿ ಅಂತ ಕಳಿಸಿದರು. ಅವರೋ ಅರ್ಧ ಗಂಟೆ ಕೂರಿಸಿ ಕೇಳಿದ್ದೇ ಕೇಳಿದ್ದು. ಮಾಸು (ಪ್ಲಸೆಂಟಾ) ಎಲ್ಲಿದೆ, ಬಿಪಿ ಇದೆಯಾ, ಎದೆಯುರಿ ಇದೆಯಾ, ರಕ್ತ ತೆಳುವಾಗುವ ಇಂಜೆಕ್ಷನ್ ಇದೆಯಾ. ಇದೆಲ್ಲ ಹೆರಿಗೆ ಡಾಕ್ಟರ್ ಆಗಲೇ ಬರೆದಿದ್ದಾರಲ್ವಾ? ಇವರ ಕೆಲಸ ಬೆನ್ನಿಗೆ ಒಂದು ಸೂಜಿ ಹಾಕೋದು ತಾನೇ?

ಉತ್ತರ: ನನ್ನದೂ ಅದೇ ಕೆಲಸ, ಹಾಗಾಗಿ ಆ ಡಾಕ್ಟರ್ ಪರ ಸ್ವಲ್ಪ ವಕಾಲತ್ತು ಮಾಡುತ್ತೇನೆ. ಸೂಜಿ ಹಾಕೋದೇನೋ ಕೆಲವೇ ನಿಮಿಷದ ಕೆಲಸ. ಆದರೆ ಯಾರಿಗೆ ಹಾಕಬಹುದು, ಯಾರಿಗೆ ಬೇಡ ಅನ್ನೋದು ಬಸಿರಿನ ಕಥೆ ಪೂರ್ತಿ ಕೇಳದೆ ಗೊತ್ತಾಗುವುದಿಲ್ಲ.

ಮಾಸನ್ನೇ ತಗೊಳ್ಳಿ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 700 ಮಿಲಿ ರಕ್ತ ಹರಿಯುತ್ತದೆ. ಈ ಸಲ ಮಾಸು ಕೆಳಗಿಳಿದು ಹೋದ ಸಲದ ಹೊಲಿಗೆಯ ಜಾಗದಲ್ಲೇ ಕೂತಿದ್ದರೆ ಅದು ಗೋಡೆಯೊಳಗೆ ಬೇರು ಬಿಟ್ಟಿರಬಹುದು, ಬಿಡಿಸೋಕೆ ಹೋದರೆ ರಕ್ತ ನಿಲ್ಲುವುದಿಲ್ಲ. ಮೊದಲೇ ಗೊತ್ತಿದ್ದರೆ ರಕ್ತ ತರಿಸಿಟ್ಟು, ಎರಡೂ ಕೈಗೆ ದಪ್ಪ ಸೂಜಿ ಹಾಕಿಕೊಂಡೇ ಶುರು ಮಾಡುತ್ತೇವೆ. ಹೊಟ್ಟೆ ತೆರೆದ ಮೇಲೆ ಗೊತ್ತಾದರೆ ಎಲ್ಲರೂ ಓಡಾಡಬೇಕು.

ಬಸಿರಿನಲ್ಲಿ ಬಿಪಿ ಏರಿದ ಕೆಲವರಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿದಿರುತ್ತದೆ. ಅದು ತೀರಾ ಇಳಿದಿದ್ದಾಗ, ಇಲ್ಲವೇ ರಕ್ತ ತೆಳುವಾಗಿದ್ದಾಗ ಸೂಜಿ ಹಾಕಿದರೆ ಬೆನ್ನೊಳಗೆ ರಕ್ತ ಕಟ್ಟಿಕೊಂಡು ನರ ಒತ್ತಬಹುದು. ಬಹಳ ಅಪರೂಪ, ಆದರೆ ಆಗಿಬಿಟ್ಟರೆ ಕಾಲಿನ ಶಕ್ತಿಯೇ ಹೋಗಬಹುದು. ರಕ್ತ ತೆಳು ಮಾಡುವ ಎನಾಕ್ಸಪ್ಯಾರಿನ್‌ನಂಥ ಇಂಜೆಕ್ಷನ್ ಸಣ್ಣ ಡೋಸ್ ಇದ್ದರೆ ಸಾಮಾನ್ಯವಾಗಿ 12 ಗಂಟೆ ಕಾಯುತ್ತೇವೆ, ದೊಡ್ಡ ಡೋಸ್ ಆದರೆ 24. ಕೊನೆಯದು ಎಷ್ಟು ಗಂಟೆಗೆ ತಗೊಂಡ್ರಿ ಅಂತ ಪೀಡಿಸೋದು ಅದಕ್ಕೇ.

ಹಾಗಾದರೆ ಪೂರ್ತಿ ಪ್ರಜ್ಞೆ ತಪ್ಪಿಸಿಬಿಡಿ ಅನ್ನುತ್ತೀರಾ? ಬೇಕಾದಾಗ ಅದನ್ನೂ ಮಾಡುತ್ತೇವೆ, ಆದರೆ ಬಸುರಿಯರಲ್ಲಿ ಅದಕ್ಕೆ ಎರಡು ಪಟ್ಟು ಎಚ್ಚರ ಬೇಕು. ಗಂಟಲು ಊದಿಕೊಂಡು ಉಸಿರಾಟದ ಟ್ಯೂಬ್ ಹಾಕೋದು ಕಷ್ಟವಾಗುತ್ತದೆ, ಆಕ್ಸಿಜನ್ ಬೇಗ ಇಳಿಯುತ್ತದೆ, ಹೊಟ್ಟೆಯ ಆಮ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ. 1946ರಲ್ಲೇ ಮೆಂಡೆಲ್ಸನ್ ಅನ್ನುವ ಡಾಕ್ಟರ್ ಇದನ್ನು ಹೆರಿಗೆಯ ಹೆಂಗಸರಲ್ಲಿ ಗಮನಿಸಿ ಬರೆದಿಟ್ಟರು. ಎದೆಯುರಿಯ ಪ್ರಶ್ನೆ, ಏನೂ ತಿನ್ನದೆ ಬನ್ನಿ ಅನ್ನೋದು, ಎರಡೂ ಇದರಿಂದಲೇ.

ಟೇಬಲ್ ಮೇಲೆ ನಿಮ್ಮ ಬಲ ಸೊಂಟದ ಕೆಳಗೆ ಒಂದು ದಿಂಬು ತುರುಕುತ್ತಾರೆ, ನೋಡಿ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಮೇಲೆ ಬಿದ್ದಿರುತ್ತದೆ. ಅದರ ಮೇಲೆ ಸ್ಪೈನಲ್‌ನಿಂದಲೂ, ಅಂದರೆ ಬೆನ್ನಿಗೆ ಹಾಕುವ ಆ ಸೂಜಿಯಿಂದಲೂ, ಬಿಪಿ ಇಳಿಯುತ್ತದೆ. ತಾಯಿಯ ಬಿಪಿ ಇಳಿದರೆ ಮಗುವಿಗೂ ರಕ್ತ ಕಡಿಮೆ. ಎಷ್ಟೋ ಸಲ ಮಾನಿಟರ್ ಕೂಗುವ ಮೊದಲೇ ತಾಯಿ ಹೇಳುತ್ತಾರೆ, "ಡಾಕ್ಟ್ರೇ, ಏನೋ ಸಂಕಟ, ವಾಂತಿ ಬರೋ ಹಾಗಿದೆ" ಅಂತ. ನಮಗೆ ಅಷ್ಟು ಸಾಕು, ಬಿಪಿ ಏರಿಸುವ ಸಿರಿಂಜ್ ಆಗಲೇ ಕೈಯಲ್ಲಿರುತ್ತದೆ. ಹಾಗನ್ನಿಸಿದರೆ ಮುಜುಗರ ಬೇಡ, ಜೋರಾಗಿಯೇ ಹೇಳಿ.

ಪ್ರಶ್ನೆ: ಆ ಸೂಜಿಯಿಂದ ಜೀವನಪೂರ್ತಿ ಬೆನ್ನುನೋವು ಬರುತ್ತಂತೆ, ಹೌದಾ?

ಉತ್ತರ: ಇಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಹೆರಿಗೆ ಆದ ಮೇಲೆ ಬೆನ್ನುನೋವು ಸೂಜಿ ಹಾಕದವರಿಗೂ ಬರುತ್ತದೆ, ಬೈಗುಳ ಮಾತ್ರ ನಮಗೆ. ತಲೆನೋವಿನ ವಿಷಯ ಬೇರೆ. ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಆರಾಮ ಅನ್ನಿಸಿದರೆ ಸೂಜಿಯ ತೂತಿನಿಂದ ಬೆನ್ನಿನ ನೀರು ಸೋರುತ್ತಿರಬಹುದು. ಬಹಳಷ್ಟು ಸಲ ತಾನೇ ಕಡಿಮೆಯಾಗುತ್ತದೆ. ಆಗದಿದ್ದರೆ ನಿಮ್ಮದೇ ಕೈಯಿಂದ ಸ್ವಲ್ಪ ರಕ್ತ ತೆಗೆದು ಬೆನ್ನಿನ ಆ ಜಾಗಕ್ಕೆ ಹಾಕುತ್ತಾರೆ, ತೇಪೆ ಹಾಕಿದ ಹಾಗೆ. ಮನೆಗೆ ಹೋದ ಮೇಲೆ ಶುರುವಾದರೂ ಆಸ್ಪತ್ರೆಗೆ ಫೋನ್ ಮಾಡಿ, ಬರೀ ಮಾತ್ರೆ ನುಂಗಿಕೊಂಡು ಕೂರಬೇಡಿ.