ಕೊಸರಿಗೆ ಬಂದ ಗುಬ್ಬಿ

ಪ್ರಶ್ನೆ: ಟೀಚರ್, ನನಗೆ 27 ವರ್ಷ. ಉಡುಪಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಚರ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುವುದೂ ನಾನೇ. ಈ ಸಲ ಮೊಂತಿ ಹಬ್ಬಕ್ಕೆ ಒಂಬತ್ತು ದಿನವೂ ಮಕ್ಕಳನ್ನು ಕೂಡಿಸಿ ಹಾಡಿಸಿದೆ. ಕೊನೆಯ ದಿನ ಪೂಜೆ ಮುಗಿದ ಮೇಲೆ ಒಬ್ಬರು ಆಂಟಿ, "ಹೋದ ವರ್ಷ ಅವಳು ಕಲಿಸಿದ್ದು ಇನ್ನೂ ಲಾಯ್ಕಿತ್ತು" ಅಂದರು. ಉಳಿದವರು ಹೊಗಳಿದ್ದು ಒಂದೂ ನೆನಪಿಲ್ಲ, ಈ ಮಾತು ಮಾತ್ರ ಮೂರು ವಾರದಿಂದ ತಲೆಯಲ್ಲಿ ತಿರುಗುತ್ತಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರೆ ಯಾರ್ಯಾರು ನೋಡಿದರು ಅಂತ ಹತ್ತು ಸಲ ನೋಡುತ್ತೇನೆ. ಮೊನ್ನೆ ಬಂದ ಗಂಡಿನ ಕಡೆಯವರು "ಬಣ್ಣ ಸ್ವಲ್ಪ ಕಮ್ಮಿ, ಆದರೂ ಯೋಚನೆ ಮಾಡ್ತೇವೆ" ಅಂತ ಹೇಳಿ ಕಳಿಸಿದ್ದಾರೆ. ಹುಡುಗ ನನಗೆ ಇಷ್ಟ ಆಗಿಲ್ಲ. ಆದರೂ ಅವರು ಒಪ್ಪಲಿ ಅಂತ ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ! ಅವರು ಮತ್ತೆ ಫೋನ್ ಮಾಡಿದರೆ ಏನು ಹೇಳಲಿ? ಚರ್ಚಿನ ಧ್ಯಾನಕೂಟದಲ್ಲಿ, ಅದೇ ರಿಟ್ರೀಟಿನಲ್ಲಿ, "ದೇವರು ನಿನ್ನನ್ನು ಪ್ರೀತಿಸುತ್ತಾರೆ, ಅಷ್ಟು ಸಾಕು" ಅಂದಾಗ ಅಳು ಬಂತು. ಸೋಮವಾರ ಅಂಗಡಿಗೆ ಹೋದರೆ ಅಷ್ಟು ಸಾಕಾಗುವುದಿಲ್ಲ. ನನ್ನ ವಿಶ್ವಾಸವೇ ಕಮ್ಮಿಯಾ?
– ಹೆಸರು ಬೇಡ, ಉಡುಪಿ

ಉತ್ತರ: ಮಗಳೇ, ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಹುಡುಗ ಬೇಡ, ಆದರೆ ಅವರು ಒಪ್ಪಬೇಕು ಅಂತ ಬರೆದದ್ದು ಓದಿ ಜೋರಾಗಿ ನಕ್ಕೆ. ಆಮೇಲೆ ನನ್ನದೇ ಒಂದು ಕತೆ ನೆನಪಾಗಿ ನಗು ನಿಂತಿತು.

ಮದುವೆಯಾಗಿ ಮಂಗಳೂರಿಗೆ ಬಂದ ಹೊಸತು. ಕ್ರಿಸ್ಮಸ್ ಕುಸ್ವಾರಿಗೆ, ಅಂದರೆ ಹಬ್ಬಕ್ಕೆ ಹಂಚುವ ತಿಂಡಿಗಳಿಗೆ, ನೆವರಿ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ಮೊದಲ ವರ್ಷ ಪಕ್ಕದ ಮನೆಯವರು ಹೊಗಳಿದ್ದೇ ಹೊಗಳಿದ್ದು, ನನಗೂ ತಲೆಗೇರಿತು. ಎರಡನೇ ವರ್ಷ ಅಂಚು ಸರಿಯಾಗಿ ಒತ್ತಿರಲಿಲ್ಲವೋ ಏನೋ, ಎಣ್ಣೆಗೆ ಬಿಟ್ಟ ಕೂಡಲೇ ಒಂದೊಂದೇ ಬಾಯಿ ಬಿಡಲಿಕ್ಕೆ ಶುರು. ಒಳಗಿನ ಎಳ್ಳು, ಕಾಯಿತುರಿ, ಸಕ್ಕರೆ ಎಲ್ಲ ಬಾಣಲೆಯಲ್ಲಿ ಕರಟಿ ಅಡುಗೆಮನೆ ತುಂಬ ಹೊಗೆ. ರಾತ್ರಿ ಹನ್ನೊಂದಕ್ಕೆ ಎಣ್ಣೆ ಚೆಲ್ಲಿ, ಮತ್ತೆ ಹಿಟ್ಟು ಕಲಸಿ, ಎರಡು ಗಂಟೆಯವರೆಗೆ ನಿಂತು ಕರಿದೆ. ಹಬ್ಬದ ಖುಷಿ ಹಂಚಲಿಕ್ಕೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಪಕ್ಕದ ಮನೆಯವರ ಆ ಒಂದು ಹೊಗಳಿಕೆಗಾಗಿ. ಮರುದಿನ ಸಂಜೆ ಅವರು ತಟ್ಟೆ ವಾಪಸ್ ಕೊಟ್ಟರು, ಅವರ ಮನೆಯ ಚಕ್ಕುಲಿ ಹಾಕಿ. ನೆವರಿಯ ಸುದ್ದಿಯೇ ಎತ್ತಲಿಲ್ಲ. ಯೇಸು ಹುಟ್ಟಿದ ರಾತ್ರಿಯ ಪೂಜೆಯಲ್ಲಿ ಇಡೀ ಇಗರ್ಜಿ ಎದ್ದು ನಿಂತು ಹಾಡುವಾಗ ನಾನು ಆ ತಟ್ಟೆಯನ್ನೇ ಯೋಚಿಸುತ್ತಿದ್ದೆ.

ಹಾಗಾಗಿ ನಿನ್ನ ವಿಶ್ವಾಸ ಕಮ್ಮಿ ಅಂತ ಹೇಳಲಿಕ್ಕೆ ನನಗೆ ಬಾಯಿಲ್ಲ. ನಾಲ್ಕು ಜನ ಮೆಚ್ಚಲಿ ಅನ್ನುವ ಆಸೆ ಪಾಪವೂ ಅಲ್ಲ. ರಿಟ್ರೀಟಿನಲ್ಲಿ ಹೇಳಿದ್ದೂ ಸುಳ್ಳಲ್ಲ, ಆದರೆ ಆ ಮಾತು ತೀರಾ ದೊಡ್ಡದು, ಸೋಮವಾರ ಕೈಗೆ ಸಿಗುವುದಿಲ್ಲ. ಚಿಕ್ಕದೊಂದು ಕೊಡುತ್ತೇನೆ, ನೀನು ಲೆಕ್ಕ ಬರೆಯುವವಳು, ನಿನಗೆ ಸರಿಹೋಗಬಹುದು. ಬೈಬಲಿನಲ್ಲಿ ಮತ್ತಾಯನ 10ನೇ ಅಧ್ಯಾಯದಲ್ಲಿ ಯೇಸು ಒಂದು ಕಾಸಿಗೆ ಎರಡು ಗುಬ್ಬಿ ಅನ್ನುತ್ತಾರೆ. ಲೂಕನ 12ನೇ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ನಾಲ್ಕು ತಾನೇ ಬರಬೇಕಿತ್ತು? ಐದನೆಯದು ಕೊಸರು. ನಮ್ಮ ಮೀನು ಮಾರುವವರು ಬೂತಾಯಿ ಎಣಿಸಿ ಹಾಕಿದ ಮೇಲೆ "ಇದೊಂದು ಇರಲಿ" ಅಂತ ಸಣ್ಣದೊಂದನ್ನು ಚೀಲಕ್ಕೆ ಎಸೆಯುತ್ತಾರಲ್ಲ, ಹಾಗೆ. ಆ ಕಾಸು ಕೂಲಿಯವನ ಒಂದು ದಿನದ ದುಡಿಮೆಯಲ್ಲಿ 16ರಲ್ಲಿ ಒಂದು ಪಾಲು. ಅಂಥ ಕಾಸಿಗೆ ಸಿಗುವ ಹಕ್ಕಿ, ಅದರಲ್ಲೂ ಕೊಸರು! ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಅಂತ ಯೇಸು ಹೇಳುವುದು ಅಲ್ಲೇ. ಆದರೆ ಆ ಮೇಲೆ ಸಂತೆಯಲ್ಲಿ ಗುಬ್ಬಿಯ ರೇಟು ಏರಿತು ಅಂತ ಎಲ್ಲಿಯೂ ಇಲ್ಲ. ಸಂತೆ ಇದ್ದ ಹಾಗೇ ಇತ್ತು. ನಿನ್ನ ಸೋಮವಾರವೂ ಇದ್ದ ಹಾಗೇ ಇರುತ್ತದೆ, ಅಂಗಡಿಯ ಧಣಿ ಒಳ್ಳೆಯ ಮಾತು ಆಡಿದ ದಿನವೂ, ಆಡದ ದಿನವೂ. ಇದನ್ನು ರಿಟ್ರೀಟಿನಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ.

ಇನ್ನು ಆ ಆಂಟಿ. ಮೊದಮೊದಲ ಕ್ರೈಸ್ತರ ಕಾಲದ ಕೊರಿಂಥದ ಸಭೆಯಲ್ಲೂ ಅಂಥವರಿದ್ದರು, ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಅಂತ. ಇಬ್ಬರೂ ಅಲ್ಲಿ ಬೋಧನೆ ಮಾಡಿದವರು. ಅಪೊಲ್ಲೋಸ ಒಳ್ಳೆಯ ಮಾತುಗಾರ. ಪೌಲನ ಕಾಗದ ಮಾತ್ರ ಜೋರು, ಎದುರಿಗೆ ಬಂದರೆ ಆಳೂ ಏನಿಲ್ಲ, ಮಾತೂ ಸಪ್ಪೆ ಅಂತ ಆಡಿಕೊಂಡರು. ಅವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಪೌಲ, ನೀವು ನನ್ನ ವಿಚಾರಣೆ ಮಾಡಿದರೆ ನನಗದು ತೀರಾ ಸಣ್ಣ ವಿಷಯ ಅನ್ನುತ್ತಾನೆ. ಅಲ್ಲಿಗೇ ಬಿಟ್ಟಿದ್ದರೆ ಬರೀ ಜಂಬ ಅನಿಸುತ್ತಿತ್ತು. ಮುಂದೆ ಹೇಳುತ್ತಾನೆ, ನನ್ನ ವಿಚಾರಣೆ ನಾನೂ ಮಾಡಿಕೊಳ್ಳುವುದಿಲ್ಲ, ಅದು ಪ್ರಭುವಿನ ಕೆಲಸ. ಇದನ್ನು ಓದುವಾಗಲೆಲ್ಲ ನನಗೆ ಒಂದು ಭಾರ ಇಳಿದ ಹಾಗಾಗುತ್ತದೆ. ಯೋಚನೆ ಮಾಡು, ಆಂಟಿ ಹೇಳಿದ್ದು ಒಂದೇ ಸಲ. ಮೂರು ವಾರದಿಂದ ದಿನಾ ಹೇಳುತ್ತಿರುವವಳು ನೀನು.

ಅವರು ಹೇಳಿದ್ದು ನಿಜವೂ ಇರಬಹುದು ಮಾರಾಯ್ತಿ! ಹೋದ ವರ್ಷ ಕಲಿಸಿದವಳಿಗೆ ಒಂದು ಫೋನ್ ಮಾಡು, ಮಕ್ಕಳನ್ನು ಹೇಗೆ ಸುಧಾರಿಸಿದಳು ಅಂತ ಕೇಳು. ಪೌಲನಿಗೂ ಅಪೊಲ್ಲೋಸನ ಮೇಲೆ ಸಿಟ್ಟಿರಲಿಲ್ಲ. ನಾನು ನೆಟ್ಟೆ, ಅವನು ನೀರೆರೆದ, ಬೆಳೆಸಿದ್ದು ದೇವರು ಅಂತ ಬರೆದ.

ಮತ್ತೆ ಒಂಬತ್ತು ದಿನ ನೀನೇ ನಿಂತು ಹಾಡಿಸಿದೆಯಲ್ಲ, ಅದು ಯಾರ ಹಬ್ಬ? ಸೆಪ್ಟೆಂಬರ್ 8, ಮರಿಯಮ್ಮ ಹುಟ್ಟಿದ ದಿನ. ಮಕ್ಕಳು ಹೂ ಹಾಕುವುದು ಬಾಲೆ ಮರಿಯಳಿಗೆ, ಇನ್ನೂ ಒಂದು ಹೆಜ್ಜೆ ನಡೆದಿರದ ಹೆಣ್ಣು ಮಗುವಿಗೆ. ಆ ಮಗು ಆಗ ಯಾವ ಕೆಲಸ ಮಾಡಿ ತೋರಿಸಿತ್ತು? ಅದರ ಬಣ್ಣ ಯಾರು ಕೇಳಿದರು? ಜೋರ್ಡಾನ್ ಹೊಳೆಯಲ್ಲಿ "ನೀನು ನನ್ನ ಪ್ರೀತಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ" ಅನ್ನುವ ತಂದೆಯ ಧ್ವನಿ ಕೇಳಿದಾಗ ಯೇಸು ಒಂದು ಪ್ರಸಂಗವನ್ನೂ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನಾವು ಇದನ್ನು ತಿರುಗಿಸಿ ಹಿಡಿದುಕೊಂಡು ರಾತ್ರಿ ಎರಡು ಗಂಟೆಗೆ ನೆವರಿ ಕರಿಯುತ್ತೇವೆ.

ನಿದ್ದೆ ಬಾರದೆ, ಊಟ ಸೇರದೆ ಇದು ಹೀಗೇ ಎಳೆದರೆ ಡಾಕ್ಟರನ್ನೂ ನೋಡು. ಪ್ರಾರ್ಥನೆ ಬಿಟ್ಟು ಅಂತ ಅಲ್ಲ, ಪ್ರಾರ್ಥನೆಯ ಜೊತೆಗೆ. ಸ್ಟೇಟಸ್ ಹಾಕುವುದಾದರೆ ಹಾಕು, ಹಾಕಿದ ಮೇಲೆ ಫೋನನ್ನು ಅಮ್ಮನ ಕೋಣೆಯಲ್ಲಿಟ್ಟು ಬಾ. ನನ್ನ ಸೊಸೆ ಹೇಳಿಕೊಟ್ಟ ಉಪಾಯ, ನನಗೂ ಬೇಕಾಗುತ್ತದೆ.

ಗಂಡಿನ ಕಡೆಯವರು ಮತ್ತೆ ಫೋನ್ ಮಾಡಿದರೆ ಬೇಡ ಅಂತ ಹೇಳು. ಅಮ್ಮನ ಕೈಯಲ್ಲಿ ಹೇಳಿಸಬೇಡ, ನೀನೇ ಹೇಳು. ಕಾರಣ ಕೇಳಿದರೆ ಹುಡುಗ ಇಷ್ಟ ಆಗಲಿಲ್ಲ ಅನ್ನು. ಬಣ್ಣದ ಸುದ್ದಿ ಎತ್ತಬೇಡ.