ಪ್ರ: ಫೈನಲ್ ಪರೀಕ್ಷೆ ತೆಗೆದರೆ ಎಲ್ಲರ ಅಂಕ ಏರುತ್ತಾ?

ನಿಮ್ಮ ಮಗಳ ಕಾಲೇಜಿನಲ್ಲಿ ಈ ಚರ್ಚೆ ನಡೀತಿದೆ ಅಂದಿರಿ. ನಮ್ಮಲ್ಲೇ ಇದಕ್ಕೆ ಉದಾಹರಣೆ ಇದೆ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತಲ್ಲ, ಆಗ ಎಸ್ಸೆಸ್ಸೆಲ್ಸಿಯಿಂದ ಶೇ. 45, ಪ್ರಥಮ ಪಿಯುವಿನಿಂದ ಶೇ. 45, ದ್ವಿತೀಯ ಪಿಯು ಆಂತರಿಕ ಮೌಲ್ಯಮಾಪನದಿಂದ ಶೇ. 10 ತೆಗೆದುಕೊಂಡರು. ಮೊದಲ ಸಲ ಪರೀಕ್ಷೆ ಬರೆಯಬೇಕಿದ್ದ ವಿದ್ಯಾರ್ಥಿಗಳೆಲ್ಲ ಪಾಸು. 2,239 ಮಂದಿಗೆ 600ಕ್ಕೆ 600! ಮರುವರ್ಷ ಪರೀಕ್ಷೆ ನಡೆದಾಗ ಫಲಿತಾಂಶ ಶೇ. 61.88.

ಅಂದರೆ ಒಟ್ಟಾರೆ ಏರುತ್ತದೆ, ನಿಜ. ಆದರೆ ಎಲ್ಲರಿಗೂ ಲಾಭ ಅಲ್ಲ. "ಫಸ್ಟ್ ಪಿಯು ಮಾರ್ಕ್ಸ್ ಯಾರು ಕೇಳ್ತಾರೆ" ಅಂತ ಆ ವರ್ಷ ಹಗುರವಾಗಿ ತೆಗೆದುಕೊಂಡು, ಸೆಕೆಂಡ್ ಪಿಯುನಲ್ಲಿ ರಾತ್ರಿಯೆಲ್ಲ ಕೂತು ಓದಿದ ಮಕ್ಕಳು ಎಷ್ಟಿಲ್ಲ ಹೇಳಿ? ಅವರ ಶ್ರಮಕ್ಕೆ ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲು. ನನಗೆ ಇದೇ ತುಂಬಾ ಬೇಜಾರಿನ ಸಂಗತಿ. ಹೀಗೆ ಕೊಟ್ಟ ಅಂಕ ಬೇಡ ಅನಿಸಿದವರಿಗೆ ಆಗಸ್ಟ್‌ನಲ್ಲಿ ಪರೀಕ್ಷೆ ಬರೆಯುವ ಅವಕಾಶವನ್ನೇನೋ ಕೊಟ್ಟಿದ್ದರು.

ಇನ್ನೊಂದು, ಆ ಸಲ ಸಿಇಟಿ ರ‍್ಯಾಂಕ್‌ಗೆ ಪಿಯು ಅಂಕ ಸೇರಿಸಲೇ ಇಲ್ಲ. 2022ರಲ್ಲಿ ಅದೇ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗಲೂ ಆ ಅಂಕ ಬಿಟ್ಟರು, ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಹಾಗಾಗಿ ಪರೀಕ್ಷೆ ಇಲ್ಲ ಅಂದರೆ ಯಾವ ಅಂಕಕ್ಕೆ ಎಷ್ಟು ತೂಕ ಅಂತ ಕಾಲೇಜಿನಲ್ಲಿ ಈಗಲೇ ಕೇಳಿ, ಬರವಣಿಗೆಯಲ್ಲೇ ತಗೊಳ್ಳಿ.